‘ಬೆಳಗಾವಿಗೆ ಒಯ್ರಿ’: ಖಾನಾಪುರ ದಾರಿಯಲ್ಲಿ ಸಾಕುಪ್ರಾಣಿಗಳ ಶಸ್ತ್ರಚಿಕಿತ್ಸೆ

ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿ.ಮೀ. ಮನೆಯವರ ಕಾಯಿಲೆ ಕೈಮೀರಿತು ಅನ್ನಿಸಿದರೆ ತಾಲೂಕಿನ ಜನ ಗಾಡಿ ಮಾಡಿಕೊಂಡು ಜಿಲ್ಲಾಸ್ಪತ್ರೆಗೋ ಕೆ.ಎಲ್.ಇ. ಆಸ್ಪತ್ರೆಗೋ ಬಂದುಬಿಡುತ್ತಾರೆ. ಹೊಟ್ಟೆ ಹರಿದ ನಾಯಿಗೂ ಕಾಲು ಮುರಿದ ಬೆಕ್ಕಿಗೂ ಈಗ ಅದೇ ದಾರಿ.

ಖಾನಾಪುರದ ನಾಯಿಗೆ ಆಗುವ ಗಾಯಗಳೇ ಬೇರೆ. ತಾಲೂಕಿನ ಪಶ್ಚಿಮಕ್ಕೆ ದಟ್ಟ ಕಾಡು. 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿ ಧಾಮವೊಂದೇ 190 ಚದರ ಕಿ.ಮೀ. ಇದೆ. ಕಾಡಂಚಿನ ಊರುಗಳಲ್ಲಿ ನಾಯಿ ಮನೆ ಕಾಯುವುದಷ್ಟೇ ಅಲ್ಲ, ಭತ್ತ, ಕಬ್ಬಿನ ಹೊಲಕ್ಕೂ ಕಾವಲು. ಅಲ್ಲಿ ಅದಕ್ಕೆ ಎದುರಾಗುವುದು ಕಾಡುಹಂದಿ. ಹಂದಿಯ ಕೋರೆ ತಾಗಿದ ಗಾಯ ಕಣ್ಣಿಗೆ ಮೋಸ ಮಾಡುತ್ತದೆ. ಹೊರಗೆ ಎರಡು ಬೆರಳಿನಷ್ಟು ತೂತು, ಒಳಗೆ ಹರಿದ ಸ್ನಾಯು, ಕೆಲವೊಮ್ಮೆ ಕರುಳು ಅಥವಾ ಶ್ವಾಸಕೋಶದವರೆಗೂ ಪೆಟ್ಟು. ಚರ್ಮಕ್ಕೆ ನಾಲ್ಕು ಹೊಲಿಗೆ ಹಾಕಿ ಕಳಿಸಿದರೆ ಒಳಗಿನ ಕೀವು ಕೆಲವೇ ದಿನಗಳಲ್ಲಿ ಪ್ರಾಣಿಯನ್ನು ಕೊಲ್ಲುತ್ತದೆ. ಅರಿವಳಿಕೆ ಕೊಟ್ಟು, ಗಾಯವನ್ನು ಪೂರ್ತಿ ಬಿಡಿಸಿ ನೋಡಿ, ಸತ್ತ ಮಾಂಸ ತೆಗೆದು, ತೊಳೆದು, ಆಮೇಲೆ ಮುಚ್ಚಬೇಕು. ತಜ್ಞ ಶಸ್ತ್ರವೈದ್ಯರ ಅಗತ್ಯ ಬೀಳುವುದು ಇಂಥಲ್ಲಿ.

ಹೊರಡುವ ಮುನ್ನ ಮನೆಯವರು ಮಾಡುವುದರ ಮೇಲೂ ಬಹಳಷ್ಟು ನಿಂತಿದೆ. ಹೊರಬಂದ ಕರುಳನ್ನು ಒಳಗೆ ತುರುಕಬಾರದು. ಅರಿಶಿನ, ಸುಣ್ಣ ಮೆತ್ತಬಾರದು. ಒದ್ದೆ ಮಾಡಿದ ಶುಭ್ರ ಬಟ್ಟೆ ಸುತ್ತಿದರೆ ಸಾಕು. ಪಾಪ ಅಂತ ಹಾಲು ಕುಡಿಸುವುದೂ ತಪ್ಪು. ಅರಿವಳಿಕೆಯಲ್ಲಿ ವಾಂತಿಯಾದರೆ ಅದು ಶ್ವಾಸಕೋಶ ಸೇರುತ್ತದೆ. ನೋವಿಗೆಂದು ಮನುಷ್ಯರ ಮಾತ್ರೆ ಕೊಡುವುದಂತೂ ಬೇಡವೇ ಬೇಡ: ಬೆಕ್ಕನ್ನು ಸಾಯಿಸಲು ಒಂದು ಪ್ಯಾರಾಸಿಟಮಾಲ್ ಸಾಕು.

ಸರ್ಕಾರಿ ವ್ಯವಸ್ಥೆಯಲ್ಲಿ ಮೆಟ್ಟಿಲುಗಳಿವೆ. ಹಳ್ಳಿಯ ಪ್ರಾಥಮಿಕ ಪಶು ಚಿಕಿತ್ಸಾ ಕೇಂದ್ರ, ತಾಲೂಕಿನ ಪಶು ಆಸ್ಪತ್ರೆ, ಜಿಲ್ಲೆಯ ಪಾಲಿಕ್ಲಿನಿಕ್. ಮನೆಬಾಗಿಲಿಗೆ ಬರುವ ಪಶು ಸಂಜೀವಿನಿ ವಾಹನ ಬೇಕಾದರೆ 1962ಕ್ಕೆ ಕರೆ ಮಾಡಬೇಕು. ಜನರ ಬಾಯಲ್ಲಿ ಇವೆಲ್ಲ ಇವತ್ತಿಗೂ ‘ದನದ ದವಾಖಾನಿ’. ಆ ಹೆಸರಿನ ಹಿಂದೆ ಚರಿತ್ರೆಯಿದೆ. 1956ರವರೆಗೆ ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಪಶುವೈದ್ಯ ಶಿಕ್ಷಣಕ್ಕೆ ಆಧಾರ 1886ರಲ್ಲಿ ಆರಂಭವಾದ ಮುಂಬಯಿಯ ಪಶುವೈದ್ಯಕೀಯ ಕಾಲೇಜು. ಬೆಂಗಳೂರಿನ ಹೆಬ್ಬಾಳದ ಕಾಲೇಜು ಶುರುವಾದದ್ದು 1958ರಲ್ಲಿ. ಎತ್ತು, ಎಮ್ಮೆ, ಹಸು ಉಳಿಸುವುದೇ ಆಗಿನ ಗುರಿ. ಪ್ಲಾಸ್ಟಿಕ್ ತಿಂದ ಹಸುವನ್ನು ನಿಂತಲ್ಲೇ ನಿಲ್ಲಿಸಿ, ಪಕ್ಕೆ ಮರಗಟ್ಟಿಸಿ, ಹೊಟ್ಟೆ ತೆರೆದು ಚೀಲಗಟ್ಟಲೆ ಕಸ ಹೊರತೆಗೆಯುವ ವೈದ್ಯರ ಕೈಯಲ್ಲಿ ಕೌಶಲಕ್ಕೇನೂ ಕೊರತೆಯಿಲ್ಲ. ಮೂರು ಕಿಲೋ ತೂಕದ ಬೆಕ್ಕಿಗೆ ಬೇಕಾಗುವುದು ಬೇರೆಯೇ ಸಲಕರಣೆ: ಸಣ್ಣ ಉಸಿರುನಳಿಕೆ, ತೂಕಕ್ಕೆ ತಕ್ಕಂತೆ ಅಳೆದ ಔಷಧಿ, ಮೈ ತಣ್ಣಗಾಗದಂತೆ ಬಿಸಿ ಹಾಸು.

ಬೆಳಗಾವಿ ನಗರದೊಳಗೆ ಕಾಲಿಟ್ಟರೆ ಚಿತ್ರ ಬದಲಾಗುತ್ತದೆ. ಕ್ಯಾಂಪ್, ಟಿಳಕವಾಡಿ, ಹನುಮಾನ ನಗರದಂಥ ಬಡಾವಣೆಗಳಲ್ಲಿ ಲ್ಯಾಬ್ರಡಾರ್, ಪಗ್, ಜರ್ಮನ್ ಶೆಫರ್ಡ್ ಮನೆಯ ಸದಸ್ಯರು. ಮೈ ಬಂದ ಲ್ಯಾಬ್ರಡಾರ್ ಹಿಂಗಾಲು ಊರದೆ ಕುಂಟುತ್ತಿದ್ದರೆ ಮೊಣಕಾಲಿನ ಲಿಗಮೆಂಟ್ ಹರಿದಿರಬಹುದು. ಇದಕ್ಕೆ ಟಿ.ಪಿ.ಎಲ್.ಒ. ಎಂಬ ಶಸ್ತ್ರಚಿಕಿತ್ಸೆಯನ್ನು ಅಮೆರಿಕದ ಬಾರ್ಕ್ಲೇ ಸ್ಲೋಕಮ್ 1993ರಲ್ಲಿ ವಿವರಿಸಿದರು: ಮೊಣಕಾಲಿನ ಕೆಳಗಿನ ಎಲುಬಿನ ತಲೆಯನ್ನು ಕಮಾನಿನಂತೆ ಕೊಯ್ದು, ತಿರುಗಿಸಿ, ಪ್ಲೇಟು ಕೂರಿಸುವುದು. ಇದು ಎಲ್ಲ ಕಡೆ ಆಗುವ ಕೆಲಸವಲ್ಲ. ಸಂತಾನಹರಣ ಆಗದ ಹೆಣ್ಣುನಾಯಿ ಬೆದೆ ಮುಗಿದ ಕೆಲವು ವಾರಗಳಲ್ಲಿ ವಿಪರೀತ ನೀರು ಕುಡಿಯುತ್ತ ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರುವ ಶಂಕೆ. ಆಗ ಬೆಳಗಾಗುವವರೆಗೆ ಕಾಯುವುದೂ ಅಪಾಯ.

ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯದು ಇನ್ನೊಂದು ಕಥೆ. ಗ್ರೇಹೌಂಡ್‌ನಂಥ ಬೇಟೆನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ, ಹಾಗಾಗಿ ಥಯೋಪೆಂಟೋನ್ ಎಂಬ ಅಗ್ಗದ ಅರಿವಳಿಕೆ ಇಳಿಯಲು ಬಹಳ ಹೊತ್ತು ಬೇಕು. ಮುಧೋಳ ತಳಿಯದೂ ಅದೇ ಮೈಕಟ್ಟು. ಅದಕ್ಕೆ ಬೇರೆ ಔಷಧಿ ಆರಿಸುವುದು ಕ್ಷೇಮ. ಚಪ್ಪಟೆ ಮೂಗಿನ ಪಗ್‌ಗೆ ಇದಕ್ಕಿಂತ ಬೇರೆ ಎಚ್ಚರ: ಪೂರ್ತಿ ಎಚ್ಚರವಾಗಿ ತಲೆ ಎತ್ತುವವರೆಗೂ ಗಂಟಲಿನ ನಳಿಕೆ ತೆಗೆಯುವಂತಿಲ್ಲ. ಶಸ್ತ್ರಚಿಕಿತ್ಸೆ ಅಂದಕೂಡಲೇ ಜನರ ಕಣ್ಣು ಚಾಕುವಿನ ಮೇಲೆ. ಆದರೆ ಪ್ರಾಣ ಉಳಿಸುವುದರಲ್ಲಿ ಅರಿವಳಿಕೆ ನೋಡಿಕೊಳ್ಳುವವರ ಪಾಲು ಅದಕ್ಕಿಂತ ಕಡಿಮೆಯಲ್ಲ.

ಬೆಳಗಾವಿಯಿಂದಲೂ ಮುಂದೆ ಕಳಿಸಬೇಕಾದ ಪ್ರಕರಣಗಳಿವೆ. ಗದಗಿನ ಪಶುವೈದ್ಯಕೀಯ ಕಾಲೇಜು ಸುಮಾರು ಒಂದೂವರೆ ನೂರು ಕಿ.ಮೀ., ಹೆಬ್ಬಾಳ ಐನೂರರ ಆಸುಪಾಸು. ಇಂಥ ಕಾಲೇಜುಗಳಲ್ಲಿ ಐದೂವರೆ ವರ್ಷದ ಪದವಿ ಮುಗಿಸಿ, ಶಸ್ತ್ರಚಿಕಿತ್ಸೆ ಹಾಗೂ ವಿಕಿರಣಶಾಸ್ತ್ರದಲ್ಲಿ ಎಂ.ವಿ.ಎಸ್ಸಿ. ಮಾಡಿದವರು ಸಿಗುತ್ತಾರೆ. ಅಥಣಿ ತಾಲೂಕಿನ ಕೊಕಟನೂರಿನಲ್ಲೂ ಪಶುವೈದ್ಯಕೀಯ ಕಾಲೇಜಿನ ಕಟ್ಟಡ ಎದ್ದಿದೆ. ಗಡಿ ಭಾಗದ ಇಷ್ಟು ದೊಡ್ಡ ಜಿಲ್ಲೆಗೆ ಅದರ ಬೋಧನಾ ಆಸ್ಪತ್ರೆ ಹಗಲು ರಾತ್ರಿ ದುಡಿಯುವಂತಾಗಲೇಬೇಕು.

ಅಲ್ಲಿಯವರೆಗೆ ಖಾನಾಪುರದ ವೈದ್ಯರು ಬರೆದುಕೊಡುವ ಚೀಟಿಯೇ ದೊಡ್ಡ ಆಸರೆ. ಪೆಟ್ಟಾದದ್ದು ಎಷ್ಟು ಹೊತ್ತಿಗೆ, ಯಾವ ಇಂಜೆಕ್ಷನ್ ಎಷ್ಟು ಕೊಟ್ಟಿದೆ, ರೇಬಿಸ್ ಲಸಿಕೆ ಆಗಿದೆಯೇ ಎಂಬುದು ಅದರಲ್ಲಿರಬೇಕು. ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಗಂಟಲಲ್ಲಿ ಎಲುಬು ಸಿಕ್ಕಿದಂತೆ ಜೊಲ್ಲು ಸುರಿಸುವ ನಾಯಿಗೆ ಹುಚ್ಚೇ ಹಿಡಿದಿರಬಹುದು. ಮನೆಯವರು ಅದರ ಬಾಯಿಗೆ ಕೈ ಹಾಕಬಾರದು.

ಆಪರೇಷನ್ ಮುಗಿದ ಮೇಲೂ ನಾಯಿ ಮರಳುವುದು ಅದೇ ವೈದ್ಯರ ಬಳಿಗೆ. ಮಳೆಗಾಲದಲ್ಲಿ ಗವಾಳಿ, ಪಾಸ್ತೋಳಿಯಂಥ ಊರುಗಳಿಂದ ಹಳ್ಳ ದಾಟಿ ಬರುವುದೇ ಪ್ರಯಾಸ. ಬ್ಯಾಂಡೇಜು ಒದ್ದೆಯಾಗದಂತೆ ನೋಡಿಕೊಂಡು, ಗಾಯ ನೆಕ್ಕದಂತೆ ಕೊರಳಿಗೆ ಕಾಲರ್ ಕಟ್ಟಿದರೆ, 10ರಿಂದ 14 ದಿನಕ್ಕೆ ಹೊಲಿಗೆ ಬಿಚ್ಚುವ ಕೆಲಸ ಖಾನಾಪುರದಲ್ಲೇ ಮುಗಿಯುತ್ತದೆ, ಅಷ್ಟಕ್ಕಾಗಿ ಮತ್ತೆ ಬೆಳಗಾವಿಗೆ ಹೋಗಬೇಕಾಗಿಲ್ಲ.