ಕನ್ನಡದ ನಾಲಿಗೆಗೆ ನಾರ್ವೆಯ ನುಡಿ

ನಾರ್ವೇಜಿಯನ್ ಭಾಷೆಯಲ್ಲಿ ಮಗುವಿಗೆ ‘ಬಾರ್ನ್’ ಎಂದು ಬರೆಯುತ್ತಾರೆ, ಓಸ್ಲೋದಲ್ಲಿ ‘ಬಾಣ್’ ಎನ್ನುತ್ತಾರೆ. ಕಾಗದದ ಮೇಲಿರುವ ರಕಾರ, ನಕಾರಗಳು ಬಾಯಿಗೆ ಬರುವಷ್ಟರಲ್ಲಿ ಬೆಸೆದುಕೊಂಡು ನಮ್ಮ ಹಣ್ಣು, ಕಣ್ಣುಗಳಲ್ಲಿರುವ ಣಕಾರವೇ ಆಗಿಬಿಡುತ್ತವೆ. ಆ ಭಾಷೆಯ ಹೆಸರಿಗೂ ಇದೇ ಗತಿ: ಬರಹದಲ್ಲಿ ‘ನೊರ್ಸ್ಕ್’, ಮಾತಿನಲ್ಲಿ ‘ನೊಷ್ಕ್’. ಮುತ್ತಿಗೆ ‘ಪೆರ್ಲೆ’ ಎಂದು ಬರೆದು, ನಾಲಿಗೆಯನ್ನು ಹಿಂದಕ್ಕೆ ಮಡಿಚಿ ‘ಪ್ಯಾಳೆ’ ಎಂದು ಉಚ್ಚರಿಸುತ್ತಾರೆ. ಇಂಗ್ಲಿಷ್ ಮಾತನಾಡುವವರಿಗಾಗಿ ಬರೆದ ಪಠ್ಯಪುಸ್ತಕಗಳು ಈ ಮೂರ್ಧನ್ಯಗಳನ್ನು ವಿಶೇಷವಾಗಿ ಕಲಿಯಬೇಕಾದ ಕಷ್ಟದ ಧ್ವನಿಗಳು ಎಂದು ಪರಿಚಯಿಸುತ್ತವೆ. ಕನ್ನಡದ ಮಕ್ಕಳು ಅವನ್ನು ಶಾಲೆಗೆ ಸೇರುವ ಮೊದಲೇ ಆಡುತ್ತಿರುತ್ತಾರೆ.

ಇದು ಒಂದೆರಡು ಪದಗಳ ಆಕಸ್ಮಿಕ ಹೋಲಿಕೆಯಲ್ಲ. ಓಸ್ಲೋ ಸೇರಿದಂತೆ ನಾರ್ವೆಯ ಪೂರ್ವ ಭಾಗದ ಮಾತಿನಲ್ಲಿ ರಕಾರದ ಬೆನ್ನಿಗೆ ದಂತ್ಯ ವ್ಯಂಜನ ಬಂದರೆ ಅದು ಸಾಮಾನ್ಯವಾಗಿ ಮೂರ್ಧನ್ಯವಾಗುತ್ತದೆ. ಎರಡು ಪದಗಳು ಅಕ್ಕಪಕ್ಕ ಬಂದಾಗಲೂ ಅಷ್ಟೆ. ‘ದು’ ಎಂದರೆ ನೀನು. ಆದರೆ ‘ಹಸಿವಾಗಿದೆಯಾ?’ ಎಂದು ಕೇಳುವಾಗ ‘ಆ್ಯರ್ ದು ಸುಲ್ತೆನ್’ ಎಂಬುದು ‘ಆ್ಯ ಡು ಸುಲ್ತೆನ್’ ಎಂದೇ ಕೇಳಿಸುತ್ತದೆ. ಹಿಂದೆ ಒಮ್ಮೆ ಭೇಟಿಯಾಗಿದ್ದವರು ಮತ್ತೆ ಸಿಕ್ಕಾಗ ಹೇಳುವ ‘ತಕ್ ಫೊರ್ ಸಿಸ್ತ್’ ಬಾಯಲ್ಲಿ ‘ತಕ್ ಫೊಷಿಸ್ತ್’ ಆಗುತ್ತದೆ. ಸಂಧಿ ಎಂದರೇನೆಂದು ಪ್ರೌಢಶಾಲೆಯಲ್ಲೇ ಓದಿದವರಿಗೆ, ಕಾರಣ, ಮರಣ, ಪುರಾಣಗಳಲ್ಲಿ ರಕಾರದ ಪ್ರಭಾವದಿಂದ ನಕಾರವು ಣಕಾರವಾದದ್ದನ್ನು ಕಂಡವರಿಗೆ ಈ ನಿಯಮವನ್ನು ಎರಡನೆಯ ಸಲ ವಿವರಿಸಬೇಕಾಗಿಲ್ಲ.

ಕನ್ನಡಿಗರು ಎಚ್ಚರ ವಹಿಸಬೇಕಾದ್ದು ಬೇರೆ ಕಡೆ. ಇಂಗ್ಲಿಷಿನ ಪದಗಳನ್ನು ಟಕಾರ, ಡಕಾರಗಳಲ್ಲಿ ಬರೆದು ರೂಢಿಯಾಗಿರುವ ನಾವು ಯುರೋಪಿನ ಯಾವ ಭಾಷೆ ಕಂಡರೂ ಅದನ್ನೇ ಮಾಡುತ್ತೇವೆ. ನಾರ್ವೇಜಿಯನ್ನಿನ ಸಾದಾ ತಕಾರ, ದಕಾರಗಳು ಹಲ್ಲಿಗೆ ತಾಗುವ ನಮ್ಮ ತ, ದಗಳಿಗೇ ಹತ್ತಿರ. ಬೆಕ್ಕು ‘ಕತ್’, ಭೂಪಟ ‘ಕಟ್’. ತಕಾರವಿರುವ ಕಡೆಯೆಲ್ಲ ಟಕಾರ ಹಾಕುವವರು ಗೋಡೆಗೆ ಬೆಕ್ಕನ್ನು ನೇತುಹಾಕುವ ಮಾತಾಡಿಬಿಡಬಹುದು. ಎರಡನ್ನೂ ಬೇರೆ ಬೇರೆ ಅಕ್ಷರಗಳಿಂದ ತೋರಿಸಬಲ್ಲ ಲಿಪಿ ನಮ್ಮಲ್ಲಿದೆ, ರೋಮನ್ ಲಿಪಿಯಲ್ಲಿ ಇಲ್ಲ. ಹೀಗಿರುವಾಗ ಟಿಪ್ಪಣಿ ಪುಸ್ತಕದಲ್ಲಿ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳುವುದು ಕೈಯಲ್ಲಿರುವ ಅನುಕೂಲವನ್ನು ಬಿಟ್ಟುಕೊಟ್ಟಂತೆ.

ಹ್ರಸ್ವ, ದೀರ್ಘಗಳ ಲೆಕ್ಕವೂ ನಮಗೆ ಒಗ್ಗಿದ್ದೇ. ಬಳೆ–ಬಾಳೆ, ನಡು–ನಾಡುಗಳ ವ್ಯತ್ಯಾಸ ನಮಗೆ ಹೇಗೆ ಮುಖ್ಯವೋ ಅವರಿಗೆ ‘ತಾಕ್’ ಮತ್ತು ‘ತಕ್’ಗಳದ್ದೂ ಹಾಗೆಯೇ: ಮೊದಲನೆಯದು ಛಾವಣಿ, ಎರಡನೆಯದು ಧನ್ಯವಾದ. ‘ಹಾತ್’ ಎಂದರೆ ದ್ವೇಷ, ‘ಹತ್’ ಎಂದರೆ ಟೋಪಿ. ಬರಹದಲ್ಲಿ ಇದನ್ನು ಗುರುತಿಸುವುದೂ ಸುಲಭ. ಸ್ವರದ ನಂತರ ಒಂದೇ ವ್ಯಂಜನವಿದ್ದರೆ ಸಾಮಾನ್ಯವಾಗಿ ದೀರ್ಘ, ವ್ಯಂಜನ ಇಮ್ಮಡಿಯಾದರೆ ಹ್ರಸ್ವ.

ಸ್ವರಗಳ ಗುಣದ ವಿಷಯಕ್ಕೆ ಬಂದಾಗ ಮಾತ್ರ ಎಲ್ಲರೂ ಹೊಸಬರೇ. ಸ್ವರಾಕ್ಷರಗಳು ಒಂಬತ್ತು. ಇಂಗ್ಲಿಷಿನ 26 ಅಕ್ಷರಗಳ ನಂತರ ಮೂರು ಹೆಚ್ಚುವರಿ ಸ್ವರಗಳು ಸಾಲುಗಟ್ಟಿ, ವರ್ಣಮಾಲೆ 29ಕ್ಕೆ ಮುಗಿಯುತ್ತದೆ. ಆ ಕೊನೆಯ ಅಕ್ಷರ, ಓಕಾರದಂತೆ ಉಚ್ಚರಿಸುವ, ತಲೆಯ ಮೇಲೆ ಸೊನ್ನೆ ಹೊತ್ತ ‘ಎ’, ಅಧಿಕೃತವಾಗಿ ಬಂದದ್ದು 1917ರ ಕಾಗುಣಿತ ಸುಧಾರಣೆಯಲ್ಲಿ. ಆ ಒಂದೇ ಅಕ್ಷರದ ಹೆಸರಿರುವ ಊರು ಲೋಫೊಟೆನ್ ದ್ವೀಪಗಳಲ್ಲಿದೆ. ಇಂಗ್ಲಿಷಿನ ‘ಓ’ ಅಕ್ಷರ ಅನೇಕ ಪದಗಳಲ್ಲಿ ಊಕಾರವಾಗುತ್ತದೆ: ಪುಸ್ತಕ ‘ಬೂಕ್’, ಸೂರ್ಯ ‘ಸೂಲ್’. ನಿಜವಾದ ಪರೀಕ್ಷೆ ‘ವೈ’ ಅಕ್ಷರದ್ದು. ನಾಲಿಗೆ ಈಕಾರದ ಜಾಗದಲ್ಲೇ ಇರಬೇಕು, ತುಟಿ ಊಕಾರಕ್ಕೆ ಮುಂದಾಗಬೇಕು. ಒಂಬತ್ತು ಎಂಬುದಕ್ಕೂ ಹೊಸದು ಎಂಬುದಕ್ಕೂ, ಹೇಳು ಎಂಬುದಕ್ಕೂ ಹೊಲಿ ಎಂಬುದಕ್ಕೂ ಇರುವ ಅಂತರ ಇಷ್ಟೇ. ನಮ್ಮ ಲಿಪಿಯಲ್ಲಿ ಬರೆದರೆ ಮೊದಲ ಜೋಡಿ ಎರಡೂ ‘ನೀ’, ಎರಡನೆಯ ಜೋಡಿ ಎರಡೂ ‘ಸೀ’. ಇಲ್ಲಿ ಕನ್ನಡಿಯ ಮುಂದೆ ನಿಂತು ‘ಈ’ ಎನ್ನುತ್ತಲೇ ತುಟಿ ಸುತ್ತುವ ಅಭ್ಯಾಸವೇ ದಾರಿ.

ಶ ಮತ್ತು ಷಗಳ ಕಥೆ ಇನ್ನೂ ಕುತೂಹಲದ್ದು. ‘ಶೆನ್ನೆ’ ಎಂದರೆ ಪರಿಚಯವಿರುವುದು, ‘ಷೆನ್ನೆ’ ಎಂದರೆ ಬೈಯುವುದು. ಮೊದಲನೆಯದು ನಮ್ಮ ಶಕಾರಕ್ಕಿಂತಲೂ ಮೆದುವಾದ, ಗಾಳಿ ಹೆಚ್ಚಿರುವ ತಾಲವ್ಯ ಧ್ವನಿ. ಈಗಿನ ನಾರ್ವೆಯ ಹುಡುಗ–ಹುಡುಗಿಯರು ಎರಡನ್ನೂ ಒಂದೇ ರೀತಿ ಉಚ್ಚರಿಸತೊಡಗಿದ್ದಾರೆ, ಹಿರಿಯರು ಬೇಸರಪಟ್ಟುಕೊಳ್ಳುತ್ತಾರೆ. ಬರಹದಲ್ಲಿ ಶಕಾರ, ಷಕಾರಗಳನ್ನು ಕಾಪಾಡಿಕೊಂಡು ಮಾತಿನಲ್ಲಿ ಬಹುಮಟ್ಟಿಗೆ ಒಂದಾಗಿಸಿರುವ ಕನ್ನಡಿಗರಿಗೆ ಈ ಬೇಸರ ಚೆನ್ನಾಗಿ ಅರ್ಥವಾಗುತ್ತದೆ.

ವ್ಯಾಕರಣದಲ್ಲಿ ಮೊದಲು ಕಾಣುವುದು ಔದಾರ್ಯ. ಕನ್ನಡದ ಕ್ರಿಯಾಪದ ಬಂದೆ, ಬಂದೆವು, ಬಂದಳು, ಬಂದರು, ಬಂತು ಎಂದು ಪುರುಷ, ಲಿಂಗ, ವಚನಗಳನ್ನೆಲ್ಲ ಹೊತ್ತು ನಡೆಯುತ್ತದೆ. ನಾರ್ವೇಜಿಯನ್ನಿನಲ್ಲಿ ಯಾರೇ ಬಂದರೂ ‘ಕೊಮ್’. ಆದರೆ ಈ ಹಗುರಕ್ಕೆ ತೆರಬೇಕಾದ ಬೆಲೆಯೊಂದಿದೆ. ‘ನಿನ್ನೆ ಬಂದೆ’ ಎಂದರೆ ಕನ್ನಡದಲ್ಲಿ ಬಂದವರು ಯಾರೆಂದು ತಿಳಿಯುತ್ತದೆ. ಅಲ್ಲಿ ಸರ್ವನಾಮ ಬಿಟ್ಟರೆ ವಾಕ್ಯ ಅನಾಥ. ಮಳೆ ಸುರಿಯುವುದಕ್ಕೂ ‘ದೆ’ ಎಂಬ ಕರ್ತೃ ಬೇಕೇ ಬೇಕು: ‘ದೆ ರೈನೆರ್’.

ಲಿಂಗವಿವಕ್ಷೆಯಲ್ಲಿ ಔದಾರ್ಯ ಮುಗಿಯುತ್ತದೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ, ಅಲ್ಲಿ ಹಾಗಲ್ಲ. ಕುರ್ಚಿ ಪುಲ್ಲಿಂಗ, ಮೇಜು ನಪುಂಸಕ. ಯಾಕೆಂದು ಕೇಳಿದರೆ ಉತ್ತರವಿಲ್ಲ. ಒಂದು ಕಡೆ ಮಾತ್ರ ಎರಡೂ ಭಾಷೆಗಳು ಕೈಕುಲುಕುತ್ತವೆ: ‘ಮಗು ಮಲಗಿತು’ ಎನ್ನುವ ನಮ್ಮ ಹಾಗೆಯೇ ಅವರಿಗೂ ಮಗು ನಪುಂಸಕಲಿಂಗ. ಲಿಂಗ ತಪ್ಪಿದರೆ ವಿಶೇಷಣವೂ ತಪ್ಪುತ್ತದೆ. ದೊಡ್ಡ ಕುರ್ಚಿ ‘ಎನ್ ಸ್ತೂರ್ ಸ್ತೂಲ್’, ದೊಡ್ಡ ಮೇಜು ‘ಎತ್ ಸ್ತೂಟ್ ಬೂರ್’. ವಿಶೇಷಣಕ್ಕೆ ನಪುಂಸಕದ ತಕಾರ ಅಂಟಿಕೊಂಡು, ಹಿಂದಿನ ರಕಾರದೊಡನೆ ಬೆರೆತು ಟಕಾರವಾದದ್ದನ್ನು ಇಲ್ಲಿ ಗಮನಿಸಬಹುದು. ಹಾಗಾಗಿ ನಾಮಪದವನ್ನು ಒಂಟಿಯಾಗಿ ಬಾಯಿಪಾಠ ಮಾಡದೆ ‘ಎನ್’, ‘ಐ’, ‘ಎತ್’ಗಳ ಸಮೇತವೇ ಕಲಿಯಬೇಕು. ಬರ್ಗೆನ್ ನಗರದ ಮಾತಿನಲ್ಲಿ ಸ್ತ್ರೀಲಿಂಗ ಪುಲ್ಲಿಂಗದಲ್ಲಿ ಬೆರೆತುಹೋಗಿ ಎರಡೇ ಲಿಂಗಗಳು ಉಳಿದಿವೆ ಎಂಬುದು ಕಲಿಯುವವರಿಗೆ ಸಣ್ಣ ಸಮಾಧಾನ.

ನಿರ್ದಿಷ್ಟತೆಯನ್ನು ತೋರಿಸುವ ಪ್ರತ್ಯಯ ಪದದ ಬಾಲಕ್ಕೆ ಅಂಟುತ್ತದೆ. ಮನೆ ‘ಹೂಸ್’, ಆ ಗೊತ್ತಿರುವ ಮನೆ ‘ಹೂಸೆ’. ಕಾರು ‘ಬೀಲ್’, ಆ ಕಾರು ‘ಬೀಲೆನ್’. ಪ್ರತ್ಯಯಗಳಲ್ಲೇ ಬದುಕುವ ಕನ್ನಡಿಗರಿಗೆ ಈ ಅಂಟಿಕೆ ಹೊಸದಲ್ಲ. ಎಲ್ಲಿ ಅಂಟಿಸಬೇಕು ಎಂಬ ಅಂದಾಜಿಗೂ ಕನ್ನಡದಲ್ಲಿ ಒಂದು ಸುಳಿವಿದೆ. ‘ಪುಸ್ತಕ ಓದಿದೆ’ ಎನ್ನುವುದಕ್ಕೂ ‘ಪುಸ್ತಕವನ್ನು ಓದಿದೆ’ ಎನ್ನುವುದಕ್ಕೂ ಇರುವ ಸೂಕ್ಷ್ಮ ವ್ಯತ್ಯಾಸವನ್ನು ನೆನೆಯಿರಿ: ಎರಡನೆಯದರಲ್ಲಿ ಒಂದು ಗೊತ್ತಾದ ಪುಸ್ತಕ ಕಣ್ಣ ಮುಂದಿದೆ. ಪೂರ್ತಿ ಹೊಂದುವುದಿಲ್ಲ, ಆದರೆ ಆರಂಭಕ್ಕೆ ಇಂಗ್ಲಿಷಿನ ನಿಯಮಗಳ ಪಟ್ಟಿಗಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪದಗಳ ಕ್ರಮ ಮಾತ್ರ ಬಹಳ ಕಾಲ ಕಾಡುತ್ತದೆ. ಕನ್ನಡದ ಕ್ರಿಯಾಪದ ಕೊನೆಯಲ್ಲಿ ಬಂದು ಕೂರುತ್ತದೆ. ನಾರ್ವೇಜಿಯನ್ನಿನ ಪ್ರಧಾನ ವಾಕ್ಯದಲ್ಲಿ ಅದರ ಪೀಠ ಎರಡನೆಯದು, ಅದನ್ನು ಅಲ್ಲಿಂದ ಕದಲಿಸುವಂತಿಲ್ಲ. ‘ಯೈ ದ್ರಿಕ್ಕೆರ್ ಕಫ್ಫೆ’ ಎಂದರೆ ನಾನು ಕಾಫಿ ಕುಡಿಯುತ್ತೇನೆ. ‘ಇ ದಾಗ್’, ಅಂದರೆ ಇವತ್ತು, ಎಂಬುದನ್ನು ಮೊದಲಿಗಿಟ್ಟರೆ ‘ನಾನು’ ಹಿಂದೆ ಸರಿಯಬೇಕು: ‘ಇ ದಾಗ್ ದ್ರಿಕ್ಕೆರ್ ಯೈ ಕಫ್ಫೆ’. ‘ಇ ದಾಗ್ ಯೈ ದ್ರಿಕ್ಕೆರ್’ ಎಂಬುದು ವಿದೇಶಿಯರು ಪದೇ ಪದೇ ಮಾಡುವ ತಪ್ಪು. ಇಂಗ್ಲಿಷ್ ಬಲ್ಲವರು ಇದರಲ್ಲಿ ಬೇಗ ಬೀಳುತ್ತಾರೆ, ಏಕೆಂದರೆ ಇಂಗ್ಲಿಷಿನಲ್ಲಿ ಅದೇ ಸರಿ. ಉಪವಾಕ್ಯಕ್ಕೆ ಹೋದರೆ ‘ಇಕ್ಕೆ’ ಎಂಬ ನಿಷೇಧಪದ ತಾನೂ ಜಾಗ ಬದಲಿಸುತ್ತದೆ. ‘ಹನ್ ಕೊಮ್ಮೆರ್ ಇಕ್ಕೆ’, ಅವನು ಬರುವುದಿಲ್ಲ. ‘ಅವನು ಬರದೆ ಇರುವುದರಿಂದ’ ಎನ್ನುವಾಗ ‘ಹನ್ ಇಕ್ಕೆ ಕೊಮ್ಮೆರ್’. ಈ ನಿಯಮ ತಿಳಿಯಲು ಹತ್ತು ನಿಮಿಷ ಸಾಕು. ಬಾಯಿಗೆ ಹತ್ತಲು ವರ್ಷವೂ ಸಾಲದು.

ಶಬ್ದಸಂಪತ್ತಿನ ಕಷ್ಟ ಅಷ್ಟಿಲ್ಲ. ಇಂಗ್ಲಿಷ್ ಜರ್ಮನಿಕ್ ಕುಲದ್ದೇ ಆದ್ದರಿಂದ ಎಷ್ಟೋ ಪದಗಳು ಪರಿಚಿತ ಮುಖಗಳಂತೆ ಎದುರಾಗುತ್ತವೆ. ಉಳಿದವನ್ನು ಸಮಾಸಗಳು ಕಟ್ಟಿಕೊಡುತ್ತವೆ: ಆಸ್ಪತ್ರೆ ‘ರೋಗಿಮನೆ’, ಫ್ರಿಜ್ಜು ‘ತಂಪುಕಪಾಟು’. ಬಿಡಿಸಿ ಬರೆದರೆ ಅನರ್ಥ. ಕುರಿಮರಿಯ ತೊಡೆಮಾಂಸಕ್ಕಿರುವ ಸಮಾಸಪದದ ನಡುವೆ ಜಾಗ ಬಿಟ್ಟರೆ ಅದು ‘ಲಕ್ವ ಹೊಡೆದ ತೊಡೆಗಳು’ ಎಂದಾಗುತ್ತದೆ. ಅಲ್ಲಿನ ಬರಹಪ್ರಿಯರು ಅಂಗಡಿಯ ಫಲಕಗಳಲ್ಲಿ ಇಂಥ ತಪ್ಪುಗಳನ್ನು ಹುಡುಕಿ ತೋರಿಸುತ್ತಿರುತ್ತಾರೆ.

ಸ್ವರಾಘಾತ ಇನ್ನೊಂದು ಮಜಲು. ‘ತಂಕೆನ್’ ಎಂಬುದನ್ನು ಒಂದು ರಾಗದಲ್ಲಿ ಹೇಳಿದರೆ ಟ್ಯಾಂಕು, ಇನ್ನೊಂದು ರಾಗದಲ್ಲಿ ಹೇಳಿದರೆ ಆಲೋಚನೆ. ಕಾಗುಣಿತ ಒಂದೇ. ರೈತರು ಮತ್ತು ಹುರುಳಿಕಾಯಿಗಳಿಗೂ ಇದೇ ಬಗೆಯ ಜೋಡಿಯಿದೆ. ಓಸ್ಲೋದ ಕಡೆ ಮೊದಲ ರಾಗ ಕೆಳಗಿನಿಂದ ಮೇಲೇರುತ್ತದೆ, ಎರಡನೆಯದು ಮೇಲಿಂದ ಇಳಿದು ಮತ್ತೆ ಏರುತ್ತದೆ. ಕೇಳುವವರಿಗೆ ಮಾತು ಹಾಡಿನಂತೆ ತೋರುವುದಕ್ಕೆ ಇದೇ ಕಾರಣ. ಭಾರತದ ಭಾಷೆಗಳಲ್ಲಿ ಪಂಜಾಬಿಯಲ್ಲಿ ಇಂಥ ಏರಿಳಿತ ಅರ್ಥವನ್ನು ಬದಲಿಸುತ್ತದೆ, ಕನ್ನಡದಲ್ಲಿ ಇಲ್ಲ. ರಾಗ ತಪ್ಪಿದರೂ ಸಂದರ್ಭದಿಂದ ಜನ ಅರ್ಥ ಮಾಡಿಕೊಳ್ಳುತ್ತಾರೆ. ಅದಕ್ಕೇ ಮೊದಲ ವರ್ಷವನ್ನು ಇದರಲ್ಲಿ ಕಳೆಯದೆ ಸ್ವರಗಳ ಮೇಲೆ ಶ್ರಮ ಹಾಕುವುದು ಒಳ್ಳೆಯದು.

ಇಷ್ಟೆಲ್ಲ ಕಲಿತು ಹೊರಗೆ ಕಾಲಿಟ್ಟಾಗ ಎದುರಾಗುವುದೇ ದೊಡ್ಡ ಸವಾಲು: ತರಗತಿಯ ಭಾಷೆ ಎಲ್ಲೂ ಕೇಳಿಸುವುದಿಲ್ಲ. ನಾರ್ವೆಯಲ್ಲಿ ಮಾತಿಗೆ ಅಧಿಕೃತ ಶಿಷ್ಟರೂಪವೇ ಇಲ್ಲ. ಸಂಸತ್ತಿನಲ್ಲಿ, ವಿಶ್ವವಿದ್ಯಾಲಯದಲ್ಲಿ, ರೇಡಿಯೊದಲ್ಲಿ ಜನ ತಮ್ಮ ಊರಿನ ನುಡಿಯನ್ನೇ ಆಡುತ್ತಾರೆ. ‘ನಾನು’ ಎಂಬುದು ಓಸ್ಲೋದಲ್ಲಿ ‘ಯೈ’, ಪಶ್ಚಿಮದ ಹಲವೆಡೆ ‘ಎಗ್’, ಟ್ರೊಂಡ್‌ಹೈಮ್‌ನಲ್ಲಿ ಬರೀ ‘ಆ್ಯ’. ಆ ಭಾಗದವರದ್ದೆಂದು ಎಲ್ಲರೂ ಉದಾಹರಿಸುವ ವಾಕ್ಯವೊಂದಿದೆ: ‘ಆ್ಯ ಎ ಇ ಆ ಆ್ಯ ಓ’. ವ್ಯಂಜನವೇ ಇಲ್ಲದ ಇದರ ಅರ್ಥ, ‘ನಾನೂ ಎ ವಿಭಾಗದಲ್ಲೇ ಇದ್ದೇನೆ’. ಧಾರವಾಡ, ಮಂಗಳೂರು, ಮೈಸೂರುಗಳ ಕನ್ನಡದಲ್ಲೂ ಅಂತರವಿದೆ, ಆದರೆ ವೇದಿಕೆ ಹತ್ತಿದೊಡನೆ ನಾವು ಗ್ರಂಥದ ಕನ್ನಡಕ್ಕೆ ಜಾರುತ್ತೇವೆ. ಅವರು ಜಾರುವುದಿಲ್ಲ. ಶಾಲೆಗಳಲ್ಲಿ ಸಾಧ್ಯವಾದಷ್ಟೂ ಮಕ್ಕಳ ಸ್ವಂತ ಆಡುನುಡಿಯಲ್ಲೇ ಕಲಿಸಬೇಕೆಂದು ಅಲ್ಲಿನ ಸಂಸತ್ತು 1878ರಲ್ಲೇ ತೀರ್ಮಾನಿಸಿತ್ತು.

ಈ ಹಟಕ್ಕೆ ಇತಿಹಾಸದ ಬೇರಿದೆ. ನಾಲ್ಕು ಶತಮಾನ ಡೆನ್ಮಾರ್ಕಿನೊಂದಿಗಿದ್ದ ನಾರ್ವೆ 1814ರಲ್ಲಿ ಆ ಸಂಬಂಧ ಕಡಿದುಕೊಂಡಾಗ ಅದರ ಲಿಖಿತ ಭಾಷೆ ಡ್ಯಾನಿಶ್ ಆಗಿತ್ತು. ಅದನ್ನೇ ಹಂತಹಂತವಾಗಿ ತಿದ್ದುತ್ತಾ ಬಂದ ರೂಪ ಇಂದಿನ ಬೂಕ್‌ಮೋಲ್. ರೈತನ ಮಗ ಈವಾರ್ ಓಸೆನ್ 1840ರ ದಶಕದಲ್ಲಿ ಹಳ್ಳಿಗಳನ್ನು ಸುತ್ತಿ, ಜನರ ನುಡಿಗಳನ್ನು ಕೂಡಿಸಿ, 1848ರಲ್ಲಿ ವ್ಯಾಕರಣವನ್ನೂ 1850ರಲ್ಲಿ ನಿಘಂಟನ್ನೂ ತಂದ. ಅದರಿಂದ ಬೆಳೆದದ್ದು ನೀನೊಷ್ಕ್. 1885ರಿಂದ ಎರಡಕ್ಕೂ ಸಮಾನ ಸ್ಥಾನ. ವಿದೇಶಿಯರಿಗೆ ಹೆಚ್ಚಾಗಿ ಕಲಿಸುವುದು ಬೂಕ್‌ಮೋಲ್. ಆದರೆ 2023ರ ನೊಬೆಲ್ ಪಡೆದ ಯೂನ್ ಫೊಸ್ಸೆ ಬರೆಯುವುದು ನೀನೊಷ್ಕ್‌ನಲ್ಲಿ, ಆದ್ದರಿಂದ ಅದನ್ನು ಓದುವಷ್ಟಾದರೂ ಕಲಿತವರಿಗೆ ಲಾಭವೇ.

ಊರಿಗೊಂದು ನುಡಿಯಿರುವ ಈ ಪದ್ಧತಿಯಲ್ಲಿ ಕನ್ನಡಿಗರ ಮಟ್ಟಿಗೆ ಒಂದು ತೊಡಕು ಅಡಗಿದೆ. ತೈಲೋದ್ಯಮದ ಕೇಂದ್ರವಾದ ಸ್ತವಾಂಗೆರ್‌ನಲ್ಲೂ ಬರ್ಗೆನ್‌ನಲ್ಲೂ ರಕಾರ ಗಂಟಲಿನಿಂದ ಬರುತ್ತದೆ. ಗಂಟಲ ರಕಾರದ ಜೊತೆ ಮೂರ್ಧನ್ಯಗಳು ಹುಟ್ಟುವುದಿಲ್ಲ. ಓಸ್ಲೋದಲ್ಲಿ ಸಲೀಸಾಗಿ ‘ಬಾಣ್’ ಎನ್ನುತ್ತಿದ್ದ ಎಂಜಿನಿಯರಿಗೆ ಅಲ್ಲಿಗೆ ವರ್ಗವಾದರೆ ಕಿವಿಯನ್ನು ಹೊಸದಾಗಿ ತಿದ್ದಿಕೊಳ್ಳಬೇಕು, ನಾಲಿಗೆಯನ್ನಲ್ಲ. ವಿದೇಶಿಯರು ಓಸ್ಲೋದ ಉಚ್ಚಾರಣೆ ಇಟ್ಟುಕೊಂಡರೆ ಯಾರೂ ತಪ್ಪೆಣಿಸುವುದಿಲ್ಲ.

ಸಂಬೋಧನೆಯೂ ಒಗ್ಗಲು ಹೊತ್ತು ಹಿಡಿಯುತ್ತದೆ. ನಾರ್ವೆಯ ‘ನೀವು’ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಹೆಚ್ಚುಕಡಿಮೆ ಮರೆಯಾಯಿತು. ವೈದ್ಯರಿಗೂ ಪ್ರಾಧ್ಯಾಪಕರಿಗೂ ‘ದು’, ಅದೂ ಬರೀ ಹೆಸರು ಹಿಡಿದು. ಸರ್, ಮೇಡಂ ಎಂದು ಬೆಳೆದವರಿಗೆ ವ್ಯಾಕರಣಕ್ಕಿಂತ ಇದೇ ಕಠಿಣ. ಅವರ ವಿನಯ ಬೇರೆ ಕಡೆ ಇದೆ: ಊಟ ಮುಗಿಸಿ ಏಳುವಾಗ ಅಡುಗೆ ಮಾಡಿದವರಿಗೆ ‘ತಕ್ ಫೊರ್ ಮಾತೆನ್’ ಎನ್ನದೆ ಇರುವುದು ಒರಟುತನ. ಇನ್ನೊಂದು ಅಭ್ಯಾಸ ಮೊದಲು ಗಾಬರಿ ಹುಟ್ಟಿಸಬಹುದು. ಒಪ್ಪಿಗೆ ಸೂಚಿಸುವ ‘ಯಾ’ ಎಂಬ ಪದವನ್ನು ಎಷ್ಟೋ ಜನ ಉಸಿರನ್ನು ಒಳಕ್ಕೆಳೆದುಕೊಂಡು ಹೇಳುತ್ತಾರೆ. ಏನೋ ನೋವಾಯಿತೆಂದು ಹೊಸಬರು ಭಾವಿಸಿದರೆ ಆಶ್ಚರ್ಯವಿಲ್ಲ.

ಕಲಿಯುವ ಒತ್ತಡ ಈಗ ಹೆಚ್ಚಿದೆ. 2022ರ ಅಕ್ಟೋಬರ್‌ನಿಂದ ಪೌರತ್ವ ಬೇಕಾದವರು ಮಾತಿನ ಪರೀಕ್ಷೆಯಲ್ಲಿ ಬಿ1 ಹಂತ ದಾಟಬೇಕು. ಹಿಂದೆ ಎ2 ಸಾಕಿತ್ತು. ಟ್ರೊಂಡ್‌ಹೈಮ್‌ನ ವಿಶ್ವವಿದ್ಯಾಲಯ ಅಂತರ್ಜಾಲದಲ್ಲಿ ಉಚಿತ ಪಾಠಗಳನ್ನು ಕೊಡುತ್ತದೆ, ‘ಕ್ಲಾರ್ ತಾಲೆ’ ಎಂಬ ಪತ್ರಿಕೆ ಸುದ್ದಿಯನ್ನು ಸರಳ ಭಾಷೆಯಲ್ಲಿ ಬರೆಯುತ್ತದೆ. ಆದರೆ ಬೆಂಗಳೂರಿನಿಂದ ಹೋದವರು ಸಾಮಾನ್ಯವಾಗಿ ಹಿಡಿಯುವ ದಾರಿ ಇಂಗ್ಲಿಷಿನ ಮೂಲಕವೇ ಸಾಗುತ್ತದೆ. ಹಾಗಾಗಿ ಬರುವುದನ್ನೇ ಕಷ್ಟವೆಂದು ಓದುತ್ತಾರೆ, ನಿಜವಾದ ಕಷ್ಟಕ್ಕೆ ಸಿದ್ಧರಾಗುವುದಿಲ್ಲ.

ಗ್ರಿಯರ್ಸನ್ ಸಂಪಾದಿಸಿದ ಭಾರತದ ಭಾಷಾ ಸಮೀಕ್ಷೆಯಲ್ಲಿ ಮುಂಡಾ ಮತ್ತು ದ್ರಾವಿಡ ಭಾಷೆಗಳ ಸಂಪುಟ 1906ರಲ್ಲಿ ಬಂತು. ಕನ್ನಡದ ವಿವರಣೆಯೂ ಇರುವ ಆ ಸಂಪುಟವನ್ನು ಸಿದ್ಧಪಡಿಸಿದವರು ನಾರ್ವೆಯ ವಿದ್ವಾಂಸ ಸ್ಟೆನ್ ಕೊನೊವ್. ಆ ಕಡೆಯಿಂದ ಬಂದ ಕೆಲಸಕ್ಕೆ ಈ ಕಡೆಯಿಂದ ಉತ್ತರವಾಗಿ ಕನ್ನಡದಲ್ಲೇ ಬರೆದ ನಾರ್ವೇಜಿಯನ್ ಕೈಪಿಡಿಯೊಂದು ಬೇಕು. ಅದರ ಮೊದಲ ಪಾಠ ಕತ್–ಕಟ್, ತಾಕ್–ತಕ್‌ಗಳದ್ದಾಗಲಿ, ಮೂರ್ಧನ್ಯಗಳಿಗೆ ಅರ್ಧ ಪುಟ ಸಾಕು. ಉಳಿದ ಪುಟಗಳು ತುಟಿ ಸುತ್ತಿದ ಈಕಾರಕ್ಕೆ, ಎರಡನೆಯ ಪೀಠದ ಕ್ರಿಯಾಪದಕ್ಕೆ ಮೀಸಲಾಗಲಿ. ಜೊತೆಗಿನ ಧ್ವನಿಮುದ್ರಿಕೆಯಲ್ಲಿ ಒಂದೇ ವಾಕ್ಯವನ್ನು ಓಸ್ಲೋ, ಟ್ರೊಂಡ್‌ಹೈಮ್, ಸ್ತವಾಂಗೆರ್‌ಗಳ ಮೂವರು ಬೇರೆ ಬೇರೆಯಾಗಿ ಹೇಳಲಿ.