ಅಡಿಕೆ ಮರದ ಹಾಗೆ ನಮ್ಮ ಎಲುಬು

ಬಾಯಾರಿನ ತೋಟದಲ್ಲಿ ಬಿದ್ದ ಅಡಿಕೆ ಮರದ ಈ ಕಡಿ ನೋಡಿ. ಹೊರಗೆ ಗಟ್ಟಿ ಕವಚ, ಒಳಗೆ ನಾರುನಾರಾದ ಮೆತ್ತನೆ ತಿರುಳು. ಅದೇ ಮರ ಏರುವವರ ತೊಡೆಯೆಲುಬೂ ಹೆಚ್ಚುಕಮ್ಮಿ ಹೀಗೇ! ಹೊರಗೆ ಒತ್ತಾದ ಗಟ್ಟಿ ಎಲುಬು, ತುದಿಗಳ ಒಳಗೆ ಜೇನುಗೂಡಿನಂಥ ಸ್ಪಂಜು ಎಲುಬು, ನಡುವೆ ಮಜ್ಜೆ. ಕ್ಯಾಲ್ಸಿಯಂ ಲವಣ ಗಡಸುತನ ಕೊಟ್ಟರೆ, ಕೊಲಾಜನ್ ನಾರು ಸ್ವಲ್ಪ ಬಾಗುವ ಗುಣ ಕೊಡುತ್ತದೆ.

ಆದರೆ ಮುರಿದ ಅಡಿಕೆ ಮರ ಮತ್ತೆ ಬೆಸೆಯದು, ಎಲುಬು ಬೆಸೆಯುತ್ತದೆ. ಅದರಲ್ಲಿ ರಕ್ತ ಹರಿಯುತ್ತದೆ. ಹಳೆಯದನ್ನು ಕರಗಿಸುವ, ಹೊಸದನ್ನು ಕಟ್ಟುವ ಜೀವಕೋಶಗಳು ಹಗಲಿರುಳು ದುಡಿಯುತ್ತವೆ.

ದೊಡ್ಡವರ ಮೈಯಲ್ಲಿ 206 ಎಲುಬು. ಬೆನ್ನೆಲುಬಿನೊಳಗೆ ಮಾತ್ರ ನಾಜೂಕಾದ ನರಹುರಿ ಇದೆ. ಹಾಗಾಗಿ ಮರದಿಂದ ಯಾರಾದರೂ ಬಿದ್ದರೆ ಕೈಕಾಲು ಹಿಡಿದು ಎತ್ತಬೇಡಿ. ಕುತ್ತಿಗೆ, ಬೆನ್ನು ಅಲುಗಿಸದೆ ಕೂಡಲೇ 108ಕ್ಕೆ ಕರೆ ಮಾಡಿ.