ಶ್ರೀರಂಗಪಟ್ಟಣ: 1799ರ ಯುದ್ಧ ಮತ್ತು ಸಂರಕ್ಷಿತ ಸ್ಮಾರಕಗಳ ವಲಯ

ಶ್ರೀರಂಗಪಟ್ಟಣದಲ್ಲಿ ಮನೆ ನಿರ್ಮಾಣ ಅಥವಾ ದುರಸ್ತಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರು ಇಲ್ಲಿ ವಿಶೇಷ ನಿರ್ಬಂಧವೇಕೆ ಎಂದು ಪ್ರಶ್ನಿಸುವುದು ಸಹಜ. ಇದರ ಹಿನ್ನೆಲೆಯನ್ನು ತಿಳಿಯಲು ಈ ಕೆಳಕಂಡ ವಿವರಗಳು ಸಹಾಯಕವಾಗಿವೆ.

ಈಸ್ಟ್ ಇಂಡಿಯಾ ಕಂಪನಿಗೆ ಅಧೀನವಾಗದೆ ಸ್ವತಂತ್ರವಾಗಿ ಉಳಿಯಲು ಮೈಸೂರು ರಾಜ್ಯವು ಮೂರು ದಶಕಗಳ ಅವಧಿಯಲ್ಲಿ ನಾಲ್ಕು ಯುದ್ಧಗಳನ್ನು ನಡೆಸಿತು. 1792ರ ಒಪ್ಪಂದದಿಂದ ಟಿಪ್ಪು ಸುಲ್ತಾನನು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಯಿತು. ಇಬ್ಬರು ಪುತ್ರರನ್ನು ಒತ್ತೆಯಾಳುಗಳಾಗಿ ಕಳುಹಿಸಿದನು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆಯು ‘ಫ್ರೆಂಚ್ ರಾಕ್ಸ್’ ಎಂದು ಹೆಸರಾಗಿತ್ತು. ಅದೇ ಇಂದಿನ ಪಾಂಡವಪುರ.

1799ರ ಮೇ 4ರಂದು ಮಧ್ಯಾಹ್ನ, ಕಾವೇರಿಯಲ್ಲಿ ನೀರು ಕಡಿಮೆಯಿದ್ದಾಗ, ಕಂಪನಿಯ ಸೈನ್ಯವು ಬಿರುಕುಬಿಟ್ಟ ಕೋಟೆಗೋಡೆಯನ್ನು ಏರಿ ಒಳನುಗ್ಗಿತು. ದಾಳಿಯ ಮುಂದಾಳು ಬೈರ್ಡ್, ಹಿಂದೆ ಇದೇ ಪಟ್ಟಣದಲ್ಲಿ ಸುಮಾರು 44 ತಿಂಗಳು ಸೆರೆಯಲ್ಲಿದ್ದವನು. ಟಿಪ್ಪು ಹೋರಾಡುತ್ತಲೇ ಮಡಿದನು. ಕೋಟೆ ಕೈವಶವಾದ ಮೇಲೆಯೂ ಹಿಂಸೆ ನಿಲ್ಲಲಿಲ್ಲ. ಅಂದು ರಾತ್ರಿಯಿಡೀ ಸೈನಿಕರು ಮನೆಮನೆಗಳಿಗೆ ನುಗ್ಗಿ ನಿರಾಯುಧರಾದ ನಿವಾಸಿಗಳನ್ನು ದೋಚಿದರು. ಲೂಟಿಗೊಳಗಾಗದ ಮನೆಗಳು ವಿರಳ. ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯು ಕೆಲವರನ್ನು ಗಲ್ಲಿಗೇರಿಸಿ, ಛಡಿಯೇಟು ಕೊಡಿಸಿದ ನಂತರವೇ ಲೂಟಿ ಹತೋಟಿಗೆ ಬಂದಿತು. ಟಿಪ್ಪುವಿನ ಕಾಲದಲ್ಲಿ ಸುಮಾರು ಒಂದೂವರೆ ಲಕ್ಷವೆಂದು ಅಂದಾಜಿಸಲಾದ ದ್ವೀಪದ ಜನಸಂಖ್ಯೆಯು 1800ರಲ್ಲಿ ಬುಕಾನನ್ ಭೇಟಿ ನೀಡಿದಾಗ 32 ಸಾವಿರದಷ್ಟಿತ್ತು. ರಾಜಧಾನಿಯು ಮೈಸೂರಿಗೆ ವರ್ಗವಾದುದೂ ಈ ಕುಸಿತಕ್ಕೆ ಕಾರಣ.

ಈ ಯುದ್ಧಗಳಲ್ಲಿ ಜನಸಾಮಾನ್ಯರು ಅನುಭವಿಸಿದ ಸಂಕಷ್ಟವು ಒಂದೇ ಪಕ್ಷದಿಂದ ಉಂಟಾದುದಲ್ಲ ಎಂಬುದನ್ನೂ ಗಮನಿಸಬೇಕು. ಟಿಪ್ಪುವಿನ ಸೈನ್ಯವು ಕೊಡಗಿನಿಂದ ಸಾವಿರಾರು ಜನರನ್ನು ಸೆರೆಹಿಡಿದು ತಂದಿತ್ತು. 1791ರಲ್ಲಿ ಮರಾಠಾ ಸೈನ್ಯದವರು ಶೃಂಗೇರಿ ಮಠವನ್ನು ಲೂಟಿ ಮಾಡಿದರು. ಅದರ ಪುನರುದ್ಧಾರಕ್ಕೆ ನೆರವು ನೀಡಿದವನು ಟಿಪ್ಪುವೇ.

ಕೋಟೆ, ಬಂದೀಖಾನೆ, ಟಿಪ್ಪುವಿನ ಶವ ದೊರೆತ ಸ್ಥಳ, ಗುಂಬಜ್, ದರಿಯಾ ದೌಲತ್ ಮುಂತಾದವು ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳಾಗಿವೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಮಾಡಲಾದ ತಿದ್ದುಪಡಿಯಂತೆ, ಸಂರಕ್ಷಿತ ಮಿತಿಯಿಂದ 100 ಮೀಟರ್ ವರೆಗಿನ ಪ್ರದೇಶವು ನಿಷೇಧಿತ ವಲಯವಾಗಿದ್ದು, ಅಲ್ಲಿ ಖಾಸಗಿಯವರು ಹೊಸ ಕಟ್ಟಡ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕೆ ಮುಂಚಿನ ಕಟ್ಟಡಗಳ ದುರಸ್ತಿಗೆ ಅನುಮತಿ ಕೋರಬಹುದು. ಆದುದರಿಂದ ಹಳೆಯ ಕಂದಾಯ ರಸೀದಿಗಳನ್ನು ಜೋಪಾನವಾಗಿಡುವುದು ಒಳಿತು. ಅಲ್ಲಿಂದಾಚೆಗಿನ 200 ಮೀಟರ್ ನಿಯಂತ್ರಿತ ವಲಯದಲ್ಲಿ ಹೊಸ ನಿರ್ಮಾಣಕ್ಕೂ ಅರ್ಜಿ ಸಲ್ಲಿಸಲು ಅವಕಾಶವಿದೆ. ಎರಡೂ ಸಂದರ್ಭಗಳಲ್ಲಿ ಅರ್ಜಿಯನ್ನು ಕಾಮಗಾರಿ ಪ್ರಾರಂಭಿಸುವ ಮುನ್ನವೇ ಸಕ್ಷಮ ಪ್ರಾಧಿಕಾರಕ್ಕೆ ಸಲ್ಲಿಸತಕ್ಕದ್ದು.